ಬಾಣಂತನಕ್ಕೆ ಬಂದ ಹವಾಲ್ದಾರರು

ಈ ಪರದೇಶದ ಆಡಮ್ಸ್‌ಟೌನ್‌ನ ನಮ್ಮ ಮನೆಸಾಲಿಗೆ ಮಗಳ ಬಾಣಂತನ ಮಾಡಲು ಬಂದ ಏಕೈಕ ಗಂಡಸು ಗುಂಡಪ್ಪನವರು. ಸೇನೆಯ ನಿವೃತ್ತ ಹವಾಲ್ದಾರ್, ಊರು ಮೈಸೂರು. ಹೆಂಡತಿ ತುಂಗಮ್ಮನವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಅವರು ಬರುವಂತಿರಲಿಲ್ಲ. ಹಾಗಾಗಿ ೨೦೨೦ರ ಫೆಬ್ರವರಿಯಲ್ಲಿ ಲೇಹ್ಯ, ಸಾಂಬ್ರಾಣಿ ಹೊತ್ತುಕೊಂಡು ಇವರೇ ಬಂದಿಳಿದರು. ಮೆಣಸಿನ ಸಾರು ಮಾಡಿದರು. ಮಗಳು ಗಗನಾ ಕಿವಿಗೆ ಬಟ್ಟೆ ಕಟ್ಟದಿದ್ದರೆ ಕವಾಯತಿನ ಗದರಿಕೆ. ಗಂಡಸಿಗೇಕೆ ಗೌರಿ ದುಃಖ ಎಂದು ನಾವು ನಕ್ಕಿದ್ದೇ ನಕ್ಕಿದ್ದು.

ಏಪ್ರಿಲ್‌ನ ವಾಪಸ್ ಟಿಕೆಟ್ ಕೊರೋನಾದಿಂದ ರದ್ದಾಯಿತು. ಅಂದಿನಿಂದ ದಿನಾ ಬೆಳಗ್ಗೆ ನಮ್ಮ ಬಾಗಿಲಿಂದ ಎರಡು ಮೀಟರ್ ದೂರ ನಿಂತು, "ಭಾಸ್ಕರ, ಇವತ್ತೇನಾದ್ರೂ ಫ್ಲೈಟ್ ಬಿಟ್ರೇನಪ್ಪಾ?" ಎಂದು ಕೇಳುತ್ತಿದ್ದರು. ಫೋನಿನಲ್ಲಿ ಹೆಂಡತಿಗೆ ಮಾತ್ರ, "ಇಲ್ಲೆಲ್ಲ ಗ್ರ್ಯಾಂಡ್ ಆಗೈತೆ, ನೀನು ಆರಾಮಾಗಿರು" ಅನ್ನುವರು. ಆಸೆ ಹುಟ್ಟಿಸಿ ನಿರಾಸೆ ಮಾಡಬಾರದಂತೆ. ತುಂಗಮ್ಮನವರು ಅದನ್ನೇ ನಂಬಿ, ಮೊಮ್ಮಗು ಸಿಕ್ಕಿದ ಮೇಲೆ ಗಂಡ ತಮ್ಮನ್ನು ಮರೆತರೆಂದು ಗಗನಾಳ ಹತ್ತಿರ ಕೊರಗುತ್ತಿದ್ದರು.

ಜೂನ್‌ನಲ್ಲಿ ಲಡಾಖ್ ಗಡಿಯಲ್ಲಿ ಘರ್ಷಣೆಯಾಯಿತು. ನನಗೆ ರಕ್ತ ಕುದಿಯಿತು. ಇಲ್ಲಿಯ ಕನ್ನಡ ಮಕ್ಕಳಿಗೆ ಜೂಮ್‌ನಲ್ಲಿ ಗುಂಡಪ್ಪನವರಿಂದ ಎಪ್ಪತ್ತೊಂದರ ಯುದ್ಧದ ಕಥೆ ಹೇಳಿಸಿದೆ. ತುಂಗಮ್ಮನವರೂ ಮೈಸೂರಿನಿಂದ ಸೇರಿಕೊಂಡರು.

ಹಿಮದಲ್ಲಿ ಬೆಟ್ಟ ಹತ್ತಿದ್ದು, ಮೇಲಿನ ಹಳ್ಳಿ ಹಿಡಿದದ್ದು, ಬಾವುಟ ಏರಿಸಿದ್ದು ಎಲ್ಲ ಆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ವಂದನಾರ್ಪಣೆಗೆ ಗಂಟಲು ಸರಿಮಾಡಿಕೊಂಡೆ.

"ಇನ್ನೂ ಮುಗ್ದಿಲ್ಲ," ಎಂದರು ಗುಂಡಪ್ಪನವರು. "ಆ ಹಳ್ಳೀಲಿ ಕುರಿ ಕಾಯೋನೊಬ್ಬ ಇದ್ದ. ಹೆಂಡ್ತಿ ಹೆರಿಗೆಗೆ ಅಂತ ಕೆಳಗಿನ ಹಳ್ಳಿಗೆ, ತವರಿಗೆ ಹೋಗಿದ್ಲು. ಮೂರೇ ಮೈಲಿ. ಕರ್ಕೊಂಡ್ ಬರ್ತೀನಿ ಬಿಡಿ ಅಂದ. ಕಾವಲಿಗೆ ನಾನಿದ್ದೆ. ಆರ್ಡರ್ ಇಲ್ಲ, ನಾಳೆ ಬಾ ಅಂದೆ. ಅವತ್ತು ಸಂಜೇನೇ ಕದನವಿರಾಮ ಆಯ್ತು. ಗಡಿ ಎರಡು ಹಳ್ಳಿ ಮಧ್ಯೆ ಬಿತ್ತು. ನಾನಲ್ಲಿದ್ದ ನಾಕು ತಿಂಗಳೂ ಅವನು ದಿನಾ ಬಂದು ಕೇಳ್ದ. ಬಿಡೋಕಾಗ್ಲಿಲ್ಲ."

ಬಾವುಟದ ಕಥೆಗೆ ಆಸೆಪಟ್ಟಿದ್ದ ನನಗೆ ನಾಚಿಕೆಯಾಯಿತು.

ತುಂಗಮ್ಮನವರು ಕೇಳಿದರು: "ರೀ, ಗಂಡ ದಿನಾ ಬಂದು ಕೇಳ್ತಿದ್ದ ಅಂತ ಆ ಹೆಣ್ಣುಮಗಳಿಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ ಕಣೆ."

"ಪಾಪ, ಮರ್ತೇಬಿಟ್ಟ ಅಂದ್ಕೊಂಡಿರ್ತಾಳೆ."

ಗುಂಡಪ್ಪನವರು ಕನ್ನಡಕ ತೆಗೆದರು. ಅಷ್ಟು ಮಕ್ಕಳ ಮುಂದೆ ಅಳುತ್ತಲೇ, "ನಾನೂ ದಿನಾ ಕೇಳ್ತಿದೀನಿ ತುಂಗಾ. ಬೇಕಿದ್ರೆ ಭಾಸ್ಕರನ್ನ ಕೇಳು," ಎಂದರು.

ಆಗಸ್ಟ್‌ನಲ್ಲಿ ಸೀಟು ಸಿಕ್ಕಿತು. ತುಂಗಮ್ಮನವರು ಜುಲೈನಲ್ಲೇ ಹೋಗಿಬಿಟ್ಟಿದ್ದರು. ಆದರೆ ತಿಳಿದುಕೊಂಡು ಹೋಗಿದ್ದರು.