ಅಂಚಿನ ಕೊಳೆ ಹೇಳುವ ಸಾಕ್ಷಿ

ಬೆಳಗಿನ ಐದೂವರೆ. ಮೂಡಲಪಾಳ್ಯದ ಚಿಕ್ಕಮುನಿಯಪ್ಪ ಸ್ಟೌ ಮೇಲೆ ಮೈದಾ ಅಂಟು ಕುದಿಸುತ್ತಿದ್ದಾರೆ. ಪಕ್ಕದಲ್ಲೇ ಕಾಫಿ ಲೋಟ. ಅಂಟಿನ ಬ್ರಷ್ಷು ಕಾಫಿಗೆ ಬೀಳದ ಹಾಗೆ ನೋಡಿಕೊಳ್ಳುವುದು ಹೆಂಡತಿ ಪಾಪಮ್ಮನವರ ಜವಾಬ್ದಾರಿ. "ಒಂದ್ಸಲ ಬಿದ್ದಿತ್ತು. ಕುಡಿದೂ ಬಿಟ್ರು," ಎನ್ನುತ್ತಾರೆ ಆಕೆ.

ಅರವತ್ತೇಳರ ಚಿಕ್ಕಮುನಿಯಪ್ಪ ನಲವತ್ತು ವರ್ಷಗಳಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಾರೆ. ಮೊದಲೆಲ್ಲ ಶಾಲೆ ತೆರೆಯುವ ಹೊತ್ತಿಗೆ ವಾರಕ್ಕೆ ಮೂವತ್ತು ನಿಘಂಟು ಬರುತ್ತಿದ್ದವು. ಈಗ ವರ್ಷಕ್ಕೆ ಮೂರು. ಇವತ್ತು ಕೈಯಲ್ಲಿರುವುದು ಬಡಾವಣೆಯ ವಾಚನಾಲಯದ ಏಕೈಕ ಕನ್ನಡ–ಇಂಗ್ಲಿಷ್ ನಿಘಂಟು. ಹೊಲಿಗೆ ಬಿಟ್ಟಿದೆ. ವಾಚನಾಲಯ ನೋಡಿಕೊಳ್ಳುವ ಭೈರೇಶ್ ಅದನ್ನು ರದ್ದಿಗೆ ಹಾಕಲು ಹೊರಟಿದ್ದರು.

"ಯಾರ್ ನೋಡ್ತಾರೆ ಅಣ್ಣ? ಎಲ್ರ ಕೈಲೂ ಫೋನೈತೆ."

ಚಿಕ್ಕಮುನಿಯಪ್ಪ ಪುಸ್ತಕ ಮುಚ್ಚಿ ಅಂಚು ತೋರಿಸಿದರು. ಕೊನೆಯ ಹಾಳೆಗಳ ಮೇಲೆ ಹೊಸ ಕೊಳೆಯ ಗೆರೆ. "ಇದು ಬೆರಳಿಂದು. 'ಹ' ಅಕ್ಷರನ ಯಾರೋ ಈಚೆಗೆ ಬಹಳ ತಿರುವವ್ರೆ. ಯಾರಪ್ಪ ಅದು?"

ಅದು ದೀಪ್ತಿ, ಒಡಿಶಾದಿಂದ ಬಂದು ವಾಚನಾಲಯದ ಎದುರಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವಾಕೆ. ಬಸ್ ಕಂಡಕ್ಟರ್ ದಿನಾ "ಹತ್ತಿ, ಹತ್ತಿ" ಎಂದು ಕೂಗುವುದೇಕೆಂದು ಫೋನನ್ನು ಕೇಳಿದರೆ ಅದು 'ಕಾಟನ್' ಎಂದಿತು. ಪಾಪ, ಅವನಿಗೆ ಗಾಯವಾಗಿರಬೇಕೆಂದು ದೀಪ್ತಿ ಚೀಲದಿಂದ ಹತ್ತಿ ತೆಗೆದು ಕೊಟ್ಟರು.

"ಯಾಕ್ ಮೇಡಂ, ಕಿವಿಗಿಟ್ಕೊಳ್ಳಕ್ಕಾ?" ಎಂದ ಕಂಡಕ್ಟರ್. ಬಸ್ಸು ಹೊರಟೇಹೋಯಿತು.

ಅಂದು ಸಂಜೆ ವಾಚನಾಲಯದಲ್ಲಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತ, ದೀಪ್ತಿ ಹತ್ತಿಯಿಂದ 'ಹತ್ತಿರ'ಕ್ಕೆ, ಅಲ್ಲಿಂದ 'ಹತ್ತು' ಎಂಬಲ್ಲಿಗೆ ಬಂದರು. ಅದಕ್ಕೆ ಸಂಖ್ಯೆ ಎಂದೂ ಅರ್ಥ, ಏರು ಎಂದೂ ಅರ್ಥ. ಅಂದಿನಿಂದ ದಿನಾ ಬರುತ್ತಾರೆ.

"ಫೋನು ಕೇಳಿದ ಮನೆ ಬಾಗ್ಲು ಮಾತ್ರ ತೋರಿಸ್ತದೆ, ಇದು ಬೀದೀನೇ ತೋರಿಸ್ತದೆ," ಎನ್ನುತ್ತಾರೆ ಚಿಕ್ಕಮುನಿಯಪ್ಪ, ಸೂಜಿಗೆ ನೂಲು ಪೋಣಿಸುತ್ತ. ಮರುಕ್ಷಣವೇ ಫೋನಿಗೂ ನ್ಯಾಯ ಸಲ್ಲಿಸುತ್ತಾರೆ: "ಆದ್ರೆ ಹೆಂಗ್ ಉಚ್ಚರಿಸ್ಬೇಕು ಅಂತ ಹೇಳ್ಕೊಡಾದು ಫೋನೇ. ನನ್ ಅಂಟಿಗೆ ಬಾಯಿಲ್ಲ."

ಕೊಳೆಯ ಗೆರೆ ನೋಡಿದ ಭೈರೇಶ್ ಸೋತು, ಅಂಚು ಕತ್ತರಿಸಿ ನೀಟಾಗಿ ಮಾಡಿಕೊಡಿ ಎಂದಷ್ಟೇ ಕೇಳಿದ್ದಾರೆ. ಚಿಕ್ಕಮುನಿಯಪ್ಪ ಕತ್ತರಿಸುವುದಿಲ್ಲ. "ಕೊಳೆ ಹೋದ್ರೆ ಸಾಕ್ಷಿ ಹೋಯ್ತಲ್ಲ?"

ಭಾರಕ್ಕಿಟ್ಟ ಕಲ್ಲಿನಡಿ ಒಣಗಿದ ನಿಘಂಟನ್ನು ಚಿಕ್ಕಮುನಿಯಪ್ಪ ಮರುದಿನ ಸಂಜೆ ವಾಚನಾಲಯದ ಮೇಜಿಗೆ ತಂದಿಡುತ್ತಾರೆ. ದೀಪ್ತಿ ತೆರೆಯುತ್ತಾರೆ, ಹೊಸ ಹೊಲಿಗೆ ಬಿಗಿಯಾಗಿದೆ.

"ಅಂಕಲ್, ಹರಿದುಬಿಟ್ರೆ?"

"ಹರೀಲಿ ಬಿಡು ತಾಯಿ. ಕಟ್ಟಕ್ಕೆ ನಾನಿದೀನಿ."