ಖಾಲಿ ಜಾಗದ ಹೂವು

೧೯೯೩ರಲ್ಲಿ, ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಇಂಗ್ಲಿಷ್ ಆಗ ಐದನೇ ಇಯತ್ತೆಗೆ ಶುರುವಾಗುತ್ತಿತ್ತು. ಆದರೂ ಬೋರ್ಡು, ಗೋಡೆ ಬರೆಯಲು ಬೈಲಹೊಂಗಲ, ಕಿತ್ತೂರು, ಸವದತ್ತಿ ಎಲ್ಲಿಗೆ ಹೋದರೂ ಮ್ಯಾಟ್ರಿಕ್ ಆಗಿದೆ ಎಂದೇ ಹೇಳುತ್ತಿದ್ದೆ. ಇಂಗ್ಲಿಷ್ ಅಕ್ಷರ ನನಗೆ ಚಿತ್ರವಿದ್ದ ಹಾಗೆ, ನೋಡಿ ತೆಗೆಯುತ್ತೇನೆ. ನನ್ನ ಗೆರೆ ಓರೆಯಾದದ್ದನ್ನು ಇಪ್ಪತ್ತೈದು ವರ್ಷದಲ್ಲಿ ಯಾರೂ ಕಂಡಿಲ್ಲ.

ಹೋದ ವರ್ಷ ಮೇ ಸೂಟಿಯಲ್ಲಿ ರಾಮದುರ್ಗದ ಕಡೆಯ ಒಂದು ಸಣ್ಣ ಶಾಲೆಯ ಗೋಡೆಗೆ ಮೂವತ್ತು ಇಂಗ್ಲಿಷ್ ಶಬ್ದ, ಎದುರಿಗೆ ಮಕ್ಕಳಿಗೆ ತಿಳಿಯುವಂತೆ ಕನ್ನಡದಲ್ಲಿ ಅರ್ಥ ಬರೆಯಬೇಕಿತ್ತು. ಅಲ್ಲಿ ಕಲಿಸುವ ಅಕ್ಕೋರು ಶಬ್ದ, ಅರ್ಥ ಬರೆದ ಚೀಟಿ ಕೊಟ್ಟು ಊರಿಗೆ ಹೋದರು. ಬ್ರಷ್ ಪದೇ ಪದೇ ತೊಳೆಯುವುದು ಬೇಡವೆಂದು ಮೊದಲ ದಿನ ಶಬ್ದಗಳನ್ನೆಲ್ಲ ನೀಲಿಯಲ್ಲಿ, ಮರುದಿನ ಅರ್ಥಗಳನ್ನೆಲ್ಲ ಕೆಂಪಿನಲ್ಲಿ ಬರೆದೆ. ಕೊನೆಯ ಶಬ್ದದ ಎದುರಿಗೆ ಜಾಗ ಖಾಲಿ ಉಳಿಯಿತು. ಅದಕ್ಕೆ ಅರ್ಥ ಇಲ್ಲವೇನೋ ಅಂದುಕೊಂಡು ಒಂದು ಹೂವು ಬಿಡಿಸಿದೆ. ಚೀಟಿಗೆ ಕೈ ಒರೆಸಿ ಎಸೆದೆ.

ಶಾಲೆ ಶುರುವಾದ ವಾರಕ್ಕೆ ಫೋನ್ ಬಂತು, ಹೋದೆ. ನಡುವೆ ಒಂದು ಅರ್ಥ ಬಿಟ್ಟು, ಮುಂದಿನವನ್ನೆಲ್ಲ ಒಂದೊಂದು ಸಾಲು ಮೇಲೆ ಬರೆದಿದ್ದೆ. ಅಲ್ಲಿಂದ ಕೆಳಗಿನ ಹನ್ನೆರಡೂ ಸಾಲು ತಪ್ಪು.

“ಟೀಚರ್ ಅಂದ್ರ ಭಾರ ಹೊರೂ ಪ್ರಾಣಿ ಅಂತ ಬರದೀರಿ. ಅದು ಖರೇನ ಐತಿ ಬಿಡ್ರಿ,” ಅಂದರು ಅಕ್ಕೋರು. “ಆದ್ರ ಡಾಂಕಿ ಅಂದ್ರ ರೋಗ ನೋಡಾವ್ರು ಅಂತ ಹುಡುಗ್ರು ಬಾಯಿಪಾಠ ಮಾಡ್ಯಾವ.”

ಚೀಟಿಯಲ್ಲಿ ನಾನೇ ತಪ್ಪು ಬರೆದಿರಬೇಕು, ಮ್ಯಾಟ್ರಿಕ್ ಆದವರು ನೀವು, ಓದಿಕೊಂಡು ತಿದ್ದಿಬಿಡಿ ಎಂದು ಹೇಳಿ ಅವರು ಒಳಗೆ ಹೊರಟರು. ಗೋಡೆಯ ಫೋಟೊ ತೆಗೆದು ಹೊರಗೆ ಯಾರನ್ನಾದರೂ ಕೇಳಿ ಬರೆಯಬಹುದಿತ್ತು. ಒಳಗೆ ಮಕ್ಕಳು ಒಂದೇ ದನಿಯಲ್ಲಿ ನನ್ನ ತಪ್ಪನ್ನು ಓದುತ್ತಿದ್ದರು.

“ನನಗ ಇಂಗ್ಲಿಷ್ ಓದಾಕ ಬರೂದಿಲ್ರಿ ಅಕ್ಕೋರ. ನಾಕನೇತ್ತೀಗೇ ಸಾಲಿ ಬಿಟ್ಟೇನಿ.”

ನಾಚಿಕೆ ಆಗಲಿಲ್ಲ. ಹಗುರವೂ ಆಗಲಿಲ್ಲ. ಬ್ರಷ್ ತೊಳೆಯುವ ಟರ್ಪೆಂಟೈನಿನಲ್ಲಿ ಬಹಳ ಹೊತ್ತು ಇಟ್ಟ ಬೆರಳಿನ ಹಾಗೆ ಏನೂ ತಿಳಿಯಲಿಲ್ಲ. ಅಕ್ಕೋರು ಮಕ್ಕಳನ್ನು ಸುಮ್ಮನಿರಿಸಿ ಬಂದು, ಒಂದೊಂದು ಶಬ್ದದ ಕೆಳಗೆ ಬೆರಳಿಟ್ಟು ಓದಿದರು, ಅರ್ಥ ಹೇಳಿದರು. ನಾನು ಬಿಳಿ ಬಳಿದು ಮತ್ತೆ ಬರೆದೆ. ಕೊನೆಗೆ ಹೂವನ್ನೂ ಅಳಿಸಿದೆ.

ಮುಂದಿನ ಊರಿನಲ್ಲಿ ಎಷ್ಟು ಓದಿದ್ದೀರಿ ಎಂದು ಕೇಳಿದರು. ನಾಲ್ಕನೇ ಇಯತ್ತೆ ಅಂದೆ. ಕೆಲಸ ಕೊಟ್ಟರು.

ಈಗ ನನ್ನ ಹತ್ತಿರ ಒಂದು ಏಣಿ, ಹನ್ನೊಂದು ಬ್ರಷ್, ಓದಲು ಬರುವ ಹನ್ನೆರಡು ಇಂಗ್ಲಿಷ್ ಶಬ್ದ ಇವೆ.