ಉಪವಾಸಿಗೆ ಊಟದ ಸುಟ್ಟಿ ಯಾಕ?

ಉಪವಾಸ ಇರುವವನಿಗೆ ಊಟದ ಬಿಡುವು ಬೇಕೇ?

ನಗಬೇಡಿ. ಪುಣೆ ಕ್ಯಾಂಪಿನ ನಮ್ಮ ಛಾಪಖಾನೆಯಲ್ಲಿ ಕಳೆದ ಏಕಾದಶಿಯಂದು ಇದೇ ಪ್ರಶ್ನೆ ಎದ್ದಿತು. ಮ್ಯಾನೇಜರ್ ದೇಸಾಯರು ನಿಂತ ಕಾಲ ಮೇಲೆ ತೀರ್ಪನ್ನೂ ಕೊಟ್ಟುಬಿಟ್ಟರು.

ನಮ್ಮಲ್ಲಿ ಗೋಪಾಳಾಚಾರ್ಯರು ಅಂತ ಒಬ್ಬ ಕಂಪೋಜಿಟರ್ ಇದ್ದಾರೆ. ಬಾಗಲಕೋಟೆ ಕಡೆಯವರು. ನಾನು ಪ್ರೂಫ್ ನೋಡಲು ಸೇರುವ ಎಷ್ಟೋ ಮೊದಲೇ ಬಂದವರು. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತುಕೊಂಡೇ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಕಾಲಿನ ನರಗಳು ಉಬ್ಬಿ ಹಗ್ಗದ ಹಾಗೆ ಆಗಿವೆ. ಏಕಾದಶಿಯಂದು ಅವರು ಒಂದು ಹನಿ ನೀರೂ ಮುಟ್ಟುವುದಿಲ್ಲ. ನಾವೆಲ್ಲ ಡಬ್ಬಿ ಬಿಚ್ಚುವ ಹೊತ್ತಿಗೆ ಅವರು ಕಾಗದದ ರೀಮುಗಳ ಹಿಂದೆ ಚಾಪೆ ಹಾಸಿ, ಕಾಲನ್ನು ಗೋಡೆಗೆ ಆನಿಸಿ, ಒಂದು ತಾಸು ಮಲಗುತ್ತಾರೆ. ಆ ಒಂದು ತಾಸಿನ ಬಲದ ಮೇಲೆ ಸಂಜೆಯವರೆಗೆ ನಿಲ್ಲುತ್ತಾರೆ.

ಅವತ್ತು ಊಟದ ಗಂಟೆ ಬಾರಿಸಿತು. ಆಚಾರ್ಯರು ಚಾಪೆಗೆ ಕೈ ಹಾಕಿದರು. ಅಷ್ಟರಲ್ಲಿ ದೇಸಾಯರು ಬಂದರು.

"ಆಚಾರ್ರ, ಇವತ್ತ ನಿಮಗ ಊಟಾನ ಇಲ್ಲ. ಮತ್ತ ಊಟದ ಸುಟ್ಟಿ ಯಾಕ ಬೇಕ್ರಿ? ಈ ತಾಸಿನ್ಯಾಗ ಆ ಲಗ್ನಪತ್ರಿಕಾ ಮುಗಿಸಿಬಿಡ್ರಿ. ಅವ್ರು ಸಂಜಿಗೆ ಬರ್ತಾರ."

ಗೋಡೆಯ ಮೇಲೆ ನಮ್ಮಲ್ಲೇ ಛಾಪಿಸಿದ ಪಂಚಾಂಗ ತೂಗುತ್ತಿತ್ತು. ಅದನ್ನು ನೋಡಿಯೇ ಸಾಹೇಬರಿಗೆ ಈ ಯುಕ್ತಿ ಹೊಳೆದಿರಬೇಕು. (ಅದರ ಮೊಳೆ ಜೋಡಿಸಿದವರೂ ಆಚಾರ್ಯರೇ!)

ಮಶಿನ್ ನಡೆಸುವ ಶಿಂದೆಗೂ ಅಂದು ಉಪವಾಸವೇ. ಆದರೆ ಅವನ ಡಬ್ಬಿಯಲ್ಲಿ ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿ ಇತ್ತು, ಮೇಲೆ ಶೇಂಗಾ ಪುಡಿ, ಬದಿಗೆ ಬಟಾಟೆ. (ಈ ರೇಷನ್ನಿನ ಕಾಲದಲ್ಲಿ ಸಾಬೂದಾಣಿ ಎಲ್ಲಿಂದ ತರುತ್ತಾನೋ, ಆ ವಿಠ್ಠಲನಿಗೇ ಗೊತ್ತು.) ದೇಸಾಯರು ಡಬ್ಬಿಯೊಳಗೆ ಇಣುಕಿದರು. ತಿನ್ನುವುದು ಇದೆ, ಸರಿ, ಇವನಿಗೆ ಬಿಡುವು ಇದೆ ಎಂದರು.

ಅಂದರೆ ಏನಾಯಿತು? ಖಿಚಡಿ ತಿಂದು ಉಪವಾಸ ಮಾಡುವವನಿಗೆ ಪೂರ್ತಿ ಒಂದು ತಾಸು. ನೀರೂ ಇಲ್ಲದವನಿಗೆ ಒಂದು ನಿಮಿಷವೂ ಇಲ್ಲ!

ಆಚಾರ್ಯರು ಚಾಪೆ ಸುತ್ತಿಟ್ಟು ಮೊಳೆಗಳ ಮುಂದೆ ಹೋಗಿ ನಿಂತರು. ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಜೋಳದ ಭಕ್ಕರಿ ಅಲ್ಲೇ ಬಿಟ್ಟು ದೇಸಾಯರ ಟೇಬಲ್ಲಿಗೆ ಹೋದೆ.

"ಸಾಹೇಬ್ರ, ನಡುವ ಒಂದು ತಾಸು ದಣಿವು ಆರಿಸ್ಕೊಳ್ಳಿಕ್ಕೆ ಬಿಡಬೇಕಂತ ಕಾಯ್ದೇನ ಅದರಿ."

"ಕಾಯ್ದೆ ನನಗೂ ಗೊತ್ತದ ರಾಯರ. ಉಣ್ಣೋವ್ರಿಗೆ ಯಾರು ಬ್ಯಾಡಂದಾರ? ಸುಮ್ನ ಮಲಗಿದ್ರ ಉಳಿದವ್ರು ಏನಂತಾರು?"

ಉಳಿದವರು! ಆ ಹೊತ್ತಿಗೆ ಉಳಿದವರೆಲ್ಲ ಲಗುಬಗೆಯಿಂದ ಉಂಡು, ಅಂಗಳದ ಬೇವಿನ ಮರದ ಕೆಳಗೆ ತಂಬಾಕು ತಿಕ್ಕುತ್ತ ಕೂತಿದ್ದರು. ಅವರೇನು ಅಂದಾರು? ದೇಸಾಯರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಖಾಲಿ ನಿಂತ ಮನುಷ್ಯನನ್ನು ಕಂಡರೆ ಅವರಿಗೆ ತಡೆಯುವುದಿಲ್ಲ.

ಇಳಿಹೊತ್ತಿನಲ್ಲಿ ಏನೋ ಬಿದ್ದ ಸಪ್ಪಳ. ಓಡಿಹೋಗಿ ನೋಡಿದರೆ ಆಚಾರ್ಯರು ಗೋಡೆ ಹಿಡಿದು ಕುಸಿಯುತ್ತಿದ್ದರು. ಜೋಡಿಸಿದ ಮೊಳೆಗಳೆಲ್ಲ ನೆಲದ ಮೇಲೆ. ವರ, ವಧು, ಮುಹೂರ್ತ, ಎರಡೂ ಕಡೆಯ ಬೀಗರು, ಎಲ್ಲ ಚೆಲ್ಲಾಪಿಲ್ಲಿ. ಶಿಂದೆ ತನ್ನ ಮರಾಠಿಯಲ್ಲಿ "ಬಸಾ, ಬಸಾ" ಎನ್ನುತ್ತ ಅವರ ತೋಳು ಹಿಡಿದು ಕೂಡಿಸಿದ. ನಾನು ನೀರು ತಂದೆ.

"ನೀರು ಬ್ಯಾಡ್ರಿ ರಾಯರ," ಎಂದರು ಆಚಾರ್ಯರು. "ಒಂದಿಷ್ಟು ಕೂಡ್ಲಿಕ್ಕೆ ಬಿಡ್ರಿ, ಸಾಕು."

ನನ್ನ ಕಣ್ಣಲ್ಲಿ ನೀರು ಬಂತು. ದೇಸಾಯರೂ ಗಾಬರಿಯಾಗಿ ಓಡಿ ಬಂದರು. ಕೈಗೆ ಸಿಕ್ಕ ಪ್ರೂಫಿನಿಂದ ತಾವೇ ಗಾಳಿ ಹಾಕಿದರು.

"ಮೊದಲ ಹೇಳಬಾರದೇನ್ರಿ ಆಚಾರ್ರ? ಒಂದು ಬಾಳಿಹಣ್ಣರ ತಂದಿದ್ರ ನಾ ಸುಟ್ಟಿ ಬ್ಯಾಡಂತಿದ್ದೆನ?"

ಹೀಗೆ ನಮ್ಮಲ್ಲಿ ಹೊಸ ರೂಲು ಹುಟ್ಟಿತು.

ಈ ವಾರ ಮತ್ತೆ ಏಕಾದಶಿ ಬಂತು. ಆಚಾರ್ಯರು ಚೀಲದಲ್ಲಿ ಒಂದು ಬಾಳೆಹಣ್ಣು ತಂದಿದ್ದರು. ಗಂಟೆ ಬಾರಿಸಿದ ಕೂಡಲೇ ಅದನ್ನು ತಲೆಯ ಬದಿಗೆ ಇಟ್ಟು, ಕಾಲನ್ನು ಗೋಡೆಗೆ ಆನಿಸಿ ಮಲಗಿದರು. ದೇಸಾಯರು ರೀಮುಗಳ ಹಿಂದೆ ಇಣುಕಿದರು, ಹಣ್ಣು ನೋಡಿದರು, ಸಮಾಧಾನದಿಂದ ಹೊರಟುಹೋದರು. ತಾಸು ಮುಗಿಯಿತು. ಆಚಾರ್ಯರು ಎದ್ದು ಹಣ್ಣನ್ನು ಹಾಗೆಯೇ ಚೀಲಕ್ಕೆ ಹಾಕಿದರು.

"ಇದೇನ್ರಿ ನಾಟಕ, ಆಚಾರ್ರ?" ಎಂದೆ.

"ಏನ್ ಮಾಡೋದ್ರಿ? ಕಾಲು ಭಾಳ ನೋಯ್ತಾವ. ನಾಳೆ ದ್ವಾದಶಿ ಅದ, ಹಣ್ಣು ಪಾರಣಿಗೆ ಆಗ್ತದ ಬಿಡ್ರಿ."

ಇದು ನಮ್ಮ ಛಾಪಖಾನೆಯೊಂದರದೇ ಕತೆ ಅನ್ನಬೇಡಿ. ನಿಮ್ಮ ಆಫೀಸಿನಲ್ಲೂ ನೋಡಿ. ಗಬಗಬ ಉಂಡು ಮುಗಿಸಿದವನಿಗೆ "ಆತಲ್ಲ ಊಟ, ಏಳು" ಅನ್ನುವ ಹೆಡ್‌ಕ್ಲಾರ್ಕ್ ಒಬ್ಬ ಇದ್ದೇ ಇರುತ್ತಾನೆ. ಅವನ ಲೆಕ್ಕದಲ್ಲಿ ಬಿಡುವು ಕೊಟ್ಟದ್ದು ಅನ್ನಕ್ಕೆ. ಅನ್ನ ಒಳಗೆ ಹೋಯಿತು, ಬಿಡುವು ತೀರಿತು. ಅರೆ, ಆ ತಾಸು ದುಡಿಯುವವನದು! ಅವನು ಉಣ್ಣಲಿ, ಮಲಗಲಿ, ನೊಣ ಹೊಡೆಯಲಿ, ನಿಮಗೇನು ಸ್ವಾಮಿ? ಉಪವಾಸದ ಹರಕೆ ಹೊತ್ತದ್ದು ಹೊಟ್ಟೆ, ಕಾಲಲ್ಲ.

ಕಾರ್ಖಾನೆ ಇನ್ಸ್‌ಪೆಕ್ಟರ್ ಒಮ್ಮೊಮ್ಮೆ ಬರುತ್ತಾರೆ. ಗಂಟೆ ಸರಿಯಾಗಿ ಬಾರಿಸುತ್ತದೆಯೇ ಎಂದು ಕೇಳುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಗಂಟೆ ಸರಿಯಾಗಿಯೇ ಬಾರಿಸುತ್ತದೆ. ಅದರಲ್ಲಿ ಸುಳ್ಳಿಲ್ಲ.

ನಮ್ಮಲ್ಲಂತೂ ಬಾಳೆಹಣ್ಣಿಗೆ ಒಂದು ತಾಸು ವಿಶ್ರಾಂತಿ ಮಂಜೂರಾಗಿದೆ. ಆಚಾರ್ಯರಿಗೆ ಯಾವಾಗ?